ಸಲಹಾ ಸಮಿತಿಯ ಮಾನ್ಯ ಸದಸ್ಯರಿಗೊಂದು ಬಹಿರಂಗ ಪತ್ರ

ಬಂಧುಗಳೇ, ಹಿತೈಷಿಗಳೇ,

ಮಗಳಿಗೆ ಒಂಬತ್ತನೇ ವಯಸ್ಸಿನಲ್ಲಿ ಟೈಪ್ 1 ಸಕ್ಕರೆ ಕಾಯಿಲೆ ಬಂದ ದಿನದಿಂದ ಶಿಡ್ಲಘಟ್ಟದ ನಮ್ಮ ಮನೆಗೆ ವೈದ್ಯರ ಕೊರತೆಯಾಗಿಲ್ಲ. ನೀವೆಲ್ಲ ಇದ್ದೀರಿ. ಚಿಂತಾಮಣಿಯ ಷಡ್ಡಕರು ಹಾಗಲಕಾಯಿ ರಸ ತಂದರು. ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಯ ಗೆಳೆಯರು ನೇರಳೆ ಬೀಜದ ಪುಡಿ ಕಳಿಸಿದರು. ಗೌರಿಬಿದನೂರಿನ ಅತ್ತೆ ವಿಭೂತಿ ಇಟ್ಟು, "ಇನ್ನು ಸೂಜಿ ನಿಲ್ಲಿಸು" ಎಂದರು. ಪವಾಡಗಳನ್ನು ಪರೀಕ್ಷಿಸಲು ಸಮಿತಿ ಕಟ್ಟಿದ ಎಚ್. ನರಸಿಂಹಯ್ಯನವರು ಅದೇ ತಾಲ್ಲೂಕಿನ ಹೊಸೂರಿನವರು. ಅಲ್ಲಿ ಪ್ರಶ್ನೆ ಕೇಳುವವರು ಹೆಚ್ಚೆಂದೋ ಏನೋ, ಅತ್ತೆ ವಿಭೂತಿಯನ್ನು ನಮ್ಮೂರಿಗೆ ತಂದರು.

ಈಚೆಗೆ ನಿಮ್ಮ ಸಮಿತಿ ಆಧುನಿಕವಾಗಿದೆ. ಮೊಬೈಲಿಗೊಂದು ವಿಡಿಯೊ ಬಂತು, ಹಿಂದೆಯೇ ಫೋನು: "ಮೇದೋಜೀರಕ ಗ್ರಂಥೀನೇ ಬದಲಾಯಿಸ್ತಾರಂತೆ, ಬೋರ್‌ವೆಲ್ ಮೋಟರ್ ಬದಲಾಯಿಸಿದ ಹಾಗೆ. ಹಾಕಿಸಿಬಿಡಪ್ಪ!" ಬೋರು ಕೊರೆಸಿಯೇ ಸಾಲಗಾರರಾದ ಜಿಲ್ಲೆಯವರಿಗೆ ಬೇರೆ ಹೋಲಿಕೆ ಹೊಳೆಯುವುದಾದರೂ ಹೇಗೆ? ಆಗಲಿ, ಮೋಟರಿನ ಲೆಕ್ಕದಲ್ಲೇ ಮಾತಾಡೋಣ.

ಇಲ್ಲಿ ಹಳೇ ಮೋಟರ್ ಎತ್ತುವುದೇ ಇಲ್ಲ. ಇನ್ಸುಲಿನ್ ಕೊಡದಿದ್ದರೂ ಅದು ಉಂಡದ್ದನ್ನು ಅರಗಿಸುವ ರಸ ಕೊಡುತ್ತಿರುತ್ತದೆ. ಅದನ್ನು ಅಲ್ಲೇ ಬಿಟ್ಟು, ಹೊಟ್ಟೆಯ ಕೆಳಭಾಗದಲ್ಲಿ, ಸಾಮಾನ್ಯವಾಗಿ ಬಲಕ್ಕೆ, ಹೊಸ ಗ್ರಂಥಿಯನ್ನು ಇಟ್ಟು ಕಾಲಿನ ಕಡೆ ಇಳಿಯುವ ರಕ್ತನಾಳಗಳಿಗೆ ಹೊಲಿಯುತ್ತಾರೆ. ಮೋಟರ್ ಬದಲಿಯಲ್ಲ, ಎರಡನೇ ಬೋರು ಅನ್ನಿ.

ಮೊದಲನೆಯದು ಸುಟ್ಟಿದ್ದಾದರೂ ಯಾಕೆ? ನೀವು ಪಿಸುಗುಟ್ಟುವ ಹಾಗೆ ಮಗು ಮಿಠಾಯಿ ತಿಂದದ್ದಕ್ಕಲ್ಲ. ಮೈಯ ಕಾವಲು ಪಡೆಯೇ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ಕಳ್ಳರೆಂದು ಬಗೆದು ಬಡಿದುಹಾಕಿತು. ಇನ್ನು ಹೊಸದು ನಿಜಕ್ಕೂ ಪರರದ್ದು, ಅದನ್ನು ಬಿಟ್ಟೀತೇ? ಅದಕ್ಕೇ ಟ್ಯಾಕ್ರೊಲಿಮಸ್‌ನಂಥ ಮಾತ್ರೆ ನುಂಗಿಸಿ ಕಾವಲುಗಾರರಿಗೆ ಮಂಪರು ಹಿಡಿಸಬೇಕು. ಅವರು ತೂಕಡಿಸಿದರೆ ಸೋಂಕಿಗೆ ಬಾಗಿಲು ತೆರೆದಂತೆ. ಹುಳು ಮನೆಗೆ ಬ್ಲೀಚಿಂಗ್ ಪುಡಿ, ಸುಣ್ಣ ಹಾಕಿ, ಕಾಲು ತೊಳೆಯದವರನ್ನು ಹೊಸಿಲಲ್ಲೇ ನಿಲ್ಲಿಸುವ ರೇಷ್ಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಳುವಾದರೆ ಹೆಚ್ಚುಕಡಿಮೆ 25 ದಿನಕ್ಕೆ ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಹತ್ತುತ್ತದೆ. ಈ ಮಾತ್ರೆಗಳಿಗೆ ಅಂಥ ಗಡುವಿಲ್ಲ. ಹೊಸ ಗ್ರಂಥಿ ಕೆಲಸ ಮಾಡುವಷ್ಟು ಕಾಲವೂ ನುಂಗುತ್ತಲೇ ಇರಬೇಕು.

ಹಾಗೆಂದು ವಿಡಿಯೊ ಸುಳ್ಳಲ್ಲ. 1966ರ ಡಿಸೆಂಬರ್ 17ರಂದು ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಕೆಲ್ಲಿ ಮತ್ತು ಲಿಲ್ಲೆಹೈ ಎಂಬ ವೈದ್ಯರು ಮೊದಲ ಸಲ ಈ ಕಸಿ ಮಾಡಿದರು, ಜೊತೆಗೆ ಕಿಡ್ನಿಯನ್ನೂ ಹಾಕಿದರು. ಕಸಿ ಮಾಡಿಸಿಕೊಂಡ ಹೆಣ್ಣುಮಗಳು ಕೆಲವು ದಿನ ಇನ್ಸುಲಿನ್ ಇಲ್ಲದೆ ಇದ್ದಳು, ಕೆಲವು ತಿಂಗಳಲ್ಲಿ ತೀರಿಕೊಂಡಳು. ವಿದ್ಯೆ ಅಲ್ಲಿಂದ ಬಹಳ ದೂರ ಬಂದಿದೆ. ಈಗ ಕಸಿ ಕೈಹಿಡಿದರೆ ವರ್ಷಗಟ್ಟಲೆ ಸೂಜಿ ಬೇಡ. ಆದರೆ ಈ ಭಾಗ್ಯ ಹೆಚ್ಚಾಗಿ ಸಿಗುವುದು ಕಿಡ್ನಿಯೂ ಕೈಕೊಟ್ಟವರಿಗೆ. ಕಿಡ್ನಿ ಕಸಿಗಾಗಿ ಅವರು ಹೇಗೂ ಆ ಮಾತ್ರೆ ನುಂಗಲೇಬೇಕಲ್ಲ. ಇನ್ನು ಕೆಲವರಿಗೆ ಸಕ್ಕರೆ ದಿಢೀರನೆ ಇಳಿದರೂ ಮೈಗೆ ಸುಳಿವೇ ಸಿಗುವುದಿಲ್ಲ. ಗೌರಿಬಿದನೂರಿನ ಭೂಕಂಪ ಕೇಂದ್ರಕ್ಕೆ ದೂರದೇಶದ ಅಣುಪರೀಕ್ಷೆಯ ಅದುರು ತಿಳಿಯುತ್ತದೆ, ಇವರಿಗೆ ತಮ್ಮ ರಕ್ತದೊಳಗಿನ ಕುಸಿತ ತಿಳಿಯದು. ಅಂಥವರಿಗೂ ವೈದ್ಯರು ಇದನ್ನು ಯೋಚಿಸುವುದುಂಟು. ನನ್ನ ಮಗಳ ಕಿಡ್ನಿ ಚೆನ್ನಾಗಿದೆ, ಸಕ್ಕರೆ ಇಳಿದರೆ ಕೈ ನಡುಗಿ ತಾನೇ ಬೆಲ್ಲ ಕೇಳುತ್ತಾಳೆ. ಕ್ಷಮಿಸಿ, ಸದ್ಯಕ್ಕೆ ನಾವು ಅನರ್ಹರು.

ಇನ್ನೊಂದು ಸಣ್ಣ ತೊಡಕು. ಮೋಟರ್ ಅಂಗಡಿಯಲ್ಲಿ ಸಿಗುತ್ತದೆ, ಗ್ರಂಥಿ ಸಿಗುವುದಿಲ್ಲ. ಮಿದುಳು ಪೂರ್ತಿ ನಿಂತುಹೋದವರ ಮನೆಯವರು ಅಳುವ ಹೊತ್ತಿನಲ್ಲೇ ಒಪ್ಪಿಗೆ ಕೊಡಬೇಕು. ಅದಕ್ಕೆ 1994ರ ಕಾಯ್ದೆಯಿದೆ, ನಮ್ಮ ರಾಜ್ಯದಲ್ಲಿ ‘ಜೀವಸಾರ್ಥಕತೆ’ ಎಂಬ ಸರ್ಕಾರಿ ವ್ಯವಸ್ಥೆಯಿದೆ. "ಹಾಕಿಸಿಬಿಡಪ್ಪ" ಎಂದವರನ್ನೇ, "ನೀವು ಅಂಗದಾನಕ್ಕೆ ಹೆಸರು ಬರೆಸುತ್ತೀರಾ?" ಎಂದು ಕೇಳಿದೆ. "ಮುಂದಿನ ಜನ್ಮದಲ್ಲಿ ಆ ಅಂಗ ಇಲ್ಲದೆ ಹುಟ್ಟಿದರೆ?" ಎಂದರು. ಈ ಜನ್ಮದಲ್ಲೇ ಅದು ಕೆಲಸ ಮಾಡದ ಮಗಳು ಪಕ್ಕದಲ್ಲಿ ಕೂತು ಲೆಕ್ಕ ಮಾಡುತ್ತಿದ್ದಳು.

ಆದ್ದರಿಂದ ಸಮಿತಿಯ ಮುಂದಿನ ಸಭೆಗೆ ನನ್ನವು ಮೂರು ಬೇಡಿಕೆ. ಸೂಜಿ ನಿಲ್ಲಿಸು ಎಂದು ಯಾವ ಮಗುವಿಗೂ ಹೇಳಬೇಡಿ. ಟೈಪ್ 1ರಲ್ಲಿ ಇನ್ಸುಲಿನ್ ನಿಂತರೆ ಕೆಲವೇ ದಿನಗಳಲ್ಲಿ ಜೀವಕ್ಕೆ ಸಂಚಕಾರ. ನಿಮ್ಮ ಅಂಗಗಳ ವಿಚಾರವನ್ನು ಇವತ್ತು ರಾತ್ರಿ ಊಟದ ಹೊತ್ತಿಗೆ ಮನೆಯವರಿಗೆ ಹೇಳಿಡಿ. ಮತ್ತೆ ನಮ್ಮ ಮನೆಗೆ ಬರುವಾಗ ಹಾಗಲಕಾಯಿ ಬೇಡ, ಸಕ್ಕರೆ ಪರೀಕ್ಷಿಸುವ ಸ್ಟ್ರಿಪ್ಪಿನ ಒಂದು ಡಬ್ಬಿ ತನ್ನಿ.

ಇಂತಿ ನಿಮ್ಮ ವಿಧೇಯ,
ದಿನಕ್ಕೆ ನಾಲ್ಕು ಸೂಜಿಯ ಮನೆಯ ಯಜಮಾನ