ಇದೊಂದು ಸಲ, ದೇವರೇ

ಸಹಸ್ರನಾಮಕ್ಕೆ ಕೂತರೆ ನನ್ನ ಬಾಯಿ ವಿಷ್ಣುವಿನ ಜೊತೆಗಿರುತ್ತದೆ. ಮನಸ್ಸು ಮಾತ್ರ ಮುನ್ನೂರನೆಯ ಹೆಸರಿನ ಹೊತ್ತಿಗೆ ಅಡುಗೆಮನೆಗೆ ಹೋಗಿ, ಉಪ್ಪಿಟ್ಟಿಗೆ ನಿಂಬೆಹಣ್ಣು ಹಿಂಡಿದರೋ ಇಲ್ಲವೋ ನೋಡಿಕೊಂಡು ಬರುತ್ತದೆ. ಆದರೆ ಎಟಿಎಂ ಯಂತ್ರ ದುಡ್ಡೆಣಿಸುವ ಸದ್ದು ಮಾಡಿ, ದುಡ್ಡು ಕೊಡದೆ, ಸುಮ್ಮನೆ ನಿಂತಾಗ ಒಳಗೇ ಏಳುವ ಆ ‘ರಾಮಾ’ ಇದೆಯಲ್ಲ, ಅದರ ಏಕಾಗ್ರತೆಗೆ ಹುತ್ತಗಟ್ಟಿದ ವಾಲ್ಮೀಕಿಯೂ ತಲೆದೂಗಬೇಕು.

ಈ ಕಿರುಪ್ರಾರ್ಥನೆಗೆ ಮಡಿ ಬೇಡ, ಚಪ್ಪಲಿ ಬಿಡುವುದೂ ಬೇಡ. ಹೊಗಳಲು ಪುರುಸೊತ್ತಿಲ್ಲ, ನೇರ ಕೆಲಸದ ಮಾತು. ದ್ರೌಪದಿ ‘ದ್ವಾರಕಾವಾಸಿ’ ಎಂದು ಕರೆದದ್ದರಿಂದ ಕೃಷ್ಣ ದ್ವಾರಕೆಗೆ ಹೋಗಿ ಅಲ್ಲಿಂದ ಬರಬೇಕಾಗಿ ತಡವಾಯಿತೆಂದು ಹರಿಕಥೆ ದಾಸರು ಹೇಳುವುದುಂಟು. ನಮ್ಮದರಲ್ಲಿ ವಿಳಾಸವೇ ಇರುವುದಿಲ್ಲವಾದ್ದರಿಂದ ಆ ತೊಂದರೆಯಿಲ್ಲ. ಹತ್ತಿರ ಯಾರಿದ್ದಾರೋ ಅವರು ನೋಡಿಕೊಳ್ಳುತ್ತಾರೆ.

ಕೊಟ್ಟಿಗೆಹಾರದಲ್ಲಿ ನೀರುದೋಸೆ ಮುಗಿಸಿ ಚಾರ್ಮಾಡಿ ಘಾಟಿ ಇಳಿಯುವ ಬಸ್ಸಿನಲ್ಲಿ ಇದನ್ನು ನೋಡಬೇಕು. ಮಳೆ, ಮಂಜು, ಎದುರಿನಿಂದ ಇನ್ನೊಂದು ಬಸ್ಸು. ಅದೇ ಗಳಿಗೆಗೆ ಚಾಲಕರು ಕಂಡಕ್ಟರಿಗೆ ಏನೋ ಹೇಳಲು ಪೂರಾ ತಲೆ ತಿರುಗಿಸುತ್ತಾರೆ. ಬಸ್ಸಿಗೆ ಬಸ್ಸೇ ಮೌನ. ಎಲ್ಲರ ತುಟಿಯೂ ಒಂದಿಷ್ಟು ಅಲುಗುತ್ತದೆ. ಕೆಳಗೇ ಧರ್ಮಸ್ಥಳ ಇರುವುದರಿಂದ ಅಹವಾಲು ಬಹುಪಾಲು ಮಂಜುನಾಥಸ್ವಾಮಿಗೇ. ಮೊದಲ ತಿರುವಿನಲ್ಲಿ ನಾನು ಒಪ್ಪಿಕೊಳ್ಳುವುದು ತುಲಾಭಾರ. ಅರ್ಧ ಇಳಿದ ಮೇಲೆ, ನನ್ನ ತೂಕ ನೆನಪಾಗಿ, ಉರುಳುಸೇವೆ. ರಸ್ತೆ ನೇರವಾಗುತ್ತಿದ್ದಂತೆ ಒಂದು ತೆಂಗಿನಕಾಯಿ. ಉಜಿರೆ ತಲುಪುವಾಗ, ಭಕ್ತಿ ಮುಖ್ಯವೇ ಹೊರತು ಆಡಂಬರವಲ್ಲ ಎಂಬ ವಚನಕಾರರ ನಿಲುವಿಗೆ ಪೂರ್ತಿ ಬದ್ಧನಾಗಿರುತ್ತೇನೆ.

ಕಳೆದುಹೋದ ವಸ್ತುಗಳ ಇಲಾಖೆಯೇ ಬೇರೆ. ನಮ್ಮಮ್ಮನ ಕಡೆಯವರಿಗೆ ಕಾರ್ತವೀರ್ಯಾರ್ಜುನ: ಸಾವಿರ ತೋಳಿನ ರಾಜ, ಮಂಚದ ಕೆಳಗೂ ಬೀರುವಿನ ಹಿಂದೂ ಒಟ್ಟಿಗೇ ಕೈಹಾಕಬಲ್ಲ. ಹೆಂಡತಿ ಪುತ್ತೂರಿನವಳು. ಪರಶುರಾಮ ಸೃಷ್ಟಿಯೆನ್ನುವ ಆ ನಾಡಿನಲ್ಲಿ, ಪರಶುರಾಮನಿಂದಲೇ ತೋಳು ಕಡಿಸಿಕೊಂಡವನಿಗೆ ಹುಡುಕುವ ಕೆಲಸ ಒಪ್ಪಿಸುವುದು ಅವಳಿಗೆ ಸರಿಕಾಣುವುದಿಲ್ಲ. ಅವಳಿಗೆ ಕೊರಗಜ್ಜನೇ ಆಗಬೇಕು. ಅಜ್ಜನಿಗೆ ಸಲ್ಲುವುದು ಚಕ್ಕುಲಿ, ವೀಳ್ಯ, ಒಂದಿಷ್ಟು ಶೇಂದಿ. ಪಕ್ಕದ ಮನೆಯ ಕ್ರೈಸ್ತ ಅಜ್ಜಿ ಇಂಥದಕ್ಕೆಲ್ಲ ಪಾದುವಾದ ಸಂತ ಅಂತೋನಿಯವರನ್ನು ನೆನೆಯುತ್ತಾರೆ.

ಸ್ಕೂಟರಿನ ಕೀಲಿ ಕಾಣೆಯಾದ ದಿನ ಮೂವರಿಗೂ ಏಕಕಾಲಕ್ಕೆ, ಸದ್ದಿಲ್ಲದೆ, ಕರೆ ಹೋಯಿತು. ಕೀಲಿ ನುಗ್ಗೆಕಾಯಿ ಚೀಲದಲ್ಲಿ ಸಿಕ್ಕಿತು. ಹುಡುಕಿಕೊಟ್ಟವರು ಯಾರೆಂಬುದು ಎರಡು ಸುತ್ತು ಕಾಫಿಯಾದರೂ ಇತ್ಯರ್ಥವಾಗಲಿಲ್ಲ. ಕೊನೆಗೆ ಅಮ್ಮನೇ ಚಕ್ಕುಲಿ ಒರಳು ಹೊರತೆಗೆದರು. ಮನೆಮಂದಿಗೂ ಪಾಲಿರುವ ಹರಕೆ ಅದೊಂದೇ. ಅಜ್ಜನದನ್ನು ತೆಗೆದಿಟ್ಟು ಉಳಿದದ್ದನ್ನು ಡಬ್ಬಿಗೆ ತುಂಬಿದೆವು. ಈಗ ಆ ಡಬ್ಬಿಯ ತಳ ಕಾಣುತ್ತಿದ್ದಂತೆ ಮನೆಯಲ್ಲಿ ಏನಾದರೊಂದು ಕಳೆದುಹೋಗುತ್ತದೆ. ಎಲ್ಲರಿಗಿಂತ ಮೊದಲು ಕಣ್ಣುಮುಚ್ಚಿ ಅಜ್ಜನನ್ನು ನೆನೆಯುವವಳು ನಮ್ಮ ಮಗಳು.