ಪವರ್ ಬಟನ್ನೂ ಕೀಬೋರ್ಡಂತೆ!

ಮೌಸ್ ಮುಷ್ಕರ ಹೂಡಿದರೆ ನಮ್ಮ ಮನೆಯಲ್ಲಿ ಚಿಕಿತ್ಸೆಗೆ ಒಂದು ಕ್ರಮವಿದೆ. ಮೊದಲು ಅದನ್ನು ಮೇಜಿಗೆ ಕುಟ್ಟುವುದು. ಆಮೇಲೆ ಬೋರಲು ಹಾಕಿ, ಹೊಟ್ಟೆಯ ಕೆಂಪು ದೀಪ ನೋಡಿ, "ಲೈಟ್ ಬರ್ತಾ ಇದೆಯಲ್ರೀ!" ಎಂದು ಮನೆಮಂದಿಯೆಲ್ಲ ಅಚ್ಚರಿಪಡುವುದು. ಮೂರನೆಯದು, ವಯರ್ ಕಿತ್ತು, ತುದಿಗೆ ಉಫ್ ಎಂದು ಊದಿ ಮತ್ತೆ ಚುಚ್ಚುವುದು. ಕೊನೆಯ ಅಸ್ತ್ರ ರೀಸ್ಟಾರ್ಟ್. "ಅಯ್ಯಾ, ನಿನಗೆ ಈ ಮೌಸ್ ಕಾಣಿಸುತ್ತಿದೆಯೇ?" ಎಂದು ಕಂಪ್ಯೂಟರನ್ನೇ ಒಂದು ಮಾತು ಕೇಳಬಹುದೆಂದು ಮಾತ್ರ ಯಾರಿಗೂ ಹೊಳೆಯುವುದಿಲ್ಲ.

ಕೇಳಬಹುದೆಂದು ತೋರಿಸಿಕೊಟ್ಟವನು ಅಕ್ಕನ ಮಗ. ನಮ್ಮ ಡೆಸ್ಕ್‌ಟಾಪಿಗೆ ಉಬುಂಟು ಹಾಕಿಕೊಟ್ಟ ಪುಣ್ಯಾತ್ಮನೂ ಅವನೇ. "ಮಾಮ, ಅದನ್ನ ಹೊಡೀಬೇಡಿ" ಎಂದು ಕಂಟ್ರೋಲ್, ಆಲ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿದ. ಟರ್ಮಿನಲ್ ತೆರೆಯಿತು, ಅದಕ್ಕೆ ಮೌಸಿನ ಹಂಗಿಲ್ಲ. ಕ್ಯಾಟ್ ಎಂಬ ಆಜ್ಞೆ ಕೊಟ್ಟು, ಮುಂದೆ ಪ್ರಾಕ್, ಬಸ್, ಇನ್‌ಪುಟ್, ಡಿವೈಸಸ್ ಎಂದು ನಡುನಡುವೆ ಓರೆಗೆರೆ ಎಳೆಯುತ್ತ ದಾರಿ ಬರೆದು ಎಂಟರ್ ಒತ್ತಿದ. ಡಿಸ್ಕಿನಲ್ಲಿ ಹುಡುಕಿದರೆ ಅಂಥ ಫೈಲೇ ಇಲ್ಲವಂತೆ. ಯಾರಾದರೂ ಓದಲು ಬಂದಾಗ ಲಿನಕ್ಸಿನ ಕರ್ನೆಲ್ ನಿಂತ ನಿಲುವಿನಲ್ಲೇ ಬರೆದು ಒಪ್ಪಿಸುತ್ತದಂತೆ.

ಪರದೆ ತುಂಬ ಹೆಸರುಗಳು. ನಮ್ಮ ಕೂಡುಕುಟುಂಬದ ಹಳೆಯ ರೇಷನ್ ಕಾರ್ಡ್ ನೆನಪಾಯಿತು. ಮದುವೆಯಾಗಿ ಹೋದವರು, ಊರು ಬಿಟ್ಟವರು, ಯಾರೆಂದೇ ತಿಳಿಯದವರು ಎಲ್ಲರೂ ಅದರಲ್ಲಿದ್ದರು. ಮನೆಯಲ್ಲೇ ಕೂತು ಉಣ್ಣುತ್ತಿದ್ದ ಚಿಕ್ಕಪ್ಪನ ಹೆಸರು ಮಾತ್ರ ಇರಲಿಲ್ಲ.

ಇಲ್ಲಿ ಮೊದಲ ಹೆಸರೇ ಪವರ್ ಬಟನ್. ಕೆಳಗಿನ ಸಾಲಿನಲ್ಲಿ ಅದರ ಕಸುಬು: ಕೀಬೋರ್ಡ್! ಲಿನಕ್ಸಿನ ಲೆಕ್ಕದಲ್ಲಿ ಅದು ಒಂದೇ ಒಂದು ಕೀಲಿಯಿರುವ ಕೀಬೋರ್ಡು. ಆ ಕೀಲಿಯ ನಂಬರು 116. ಸಾಲದ್ದಕ್ಕೆ ಪಟ್ಟಿಯಲ್ಲಿ ಪವರ್ ಬಟನ್ ಎರಡು. ಡಬ್ಬದ ಮೇಲೆ ಎಷ್ಟು ತಡಕಿದರೂ ಸಿಗುವುದು ಒಂದೇ. ಫರ್ಮ್‌ವೇರ್ ಅದನ್ನು ಎರಡು ದಾರಿಯಿಂದ ಪರಿಚಯಿಸುತ್ತದೆ, ಕರ್ನೆಲ್ ಎರಡನ್ನೂ ಬರೆದುಕೊಳ್ಳುತ್ತದೆ. ಹಿಂಬದಿಯ ಮೈಕ್ ತೂತು, ಮುಂಬದಿಯ ಹೆಡ್‌ಫೋನ್ ತೂತು ಕೂಡ ಹಾಜರು. ಅವುಗಳ ಉದ್ಯೋಗ ಇಷ್ಟೇ: ಯಾರೋ ಚುಚ್ಚಿದರು, ಯಾರೋ ಕಿತ್ತರು ಎಂದು ವರದಿ ಮಾಡುವುದು. ಅಳಿಯನ ಡೆಬಿಯನ್ ಯಂತ್ರದಲ್ಲಿ ಬೀಪ್ ಎಂದು ಕಿರುಚುವ ಪಿಸಿ ಸ್ಪೀಕರಿಗೂ ಇನ್‌ಪುಟ್ ಸಾಧನವೆಂಬ ಬಿರುದು. ಜೀವಮಾನದಲ್ಲಿ ಅದು ಯಾರ ಮಾತನ್ನೂ ಕೇಳಿಸಿಕೊಂಡದ್ದಿಲ್ಲ!

ಇಷ್ಟೆಲ್ಲ ಇದ್ದೂ ನಮ್ಮ ಮೌಸಿನ ಹೆಸರಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನ್ನಾಕೆ, "ಹಾಗಾದ್ರೆ ಅದಕ್ಕೆ ಈ ತಿಂಗಳ ಅಕ್ಕಿ ಇಲ್ಲ" ಎಂದು ತೀರ್ಪು ಕೊಟ್ಟಳು.

"ದೀಪ ಉರಿಯುತ್ತಿದೆಯಲ್ಲೋ?" ಎಂದೆ.

"ಮಾಮ, ಈ ವಯರಿನೊಳಗೆ ನಾಲ್ಕು ಎಳೆ. ಎರಡು ಕರೆಂಟಿಗೆ, ಎರಡು ಮಾತುಕತೆಗೆ. ದೀಪಕ್ಕೆ ಕರೆಂಟಿನ ಎಳೆ ಸಾಕು. ಇದು ಉಂಡುಕೊಂಡಿದೆ, ಮಾತಾಡ್ತಾ ಇಲ್ಲ ಅಷ್ಟೇ." ವಯರನ್ನು ಮುಂದಿನ ಪೋರ್ಟಿನಿಂದ ಕಿತ್ತು ಹಿಂದಿನದಕ್ಕೆ ಚುಚ್ಚಿ, ಅದೇ ಆಜ್ಞೆ ಮತ್ತೆ ಕೊಟ್ಟ. ಪಟ್ಟಿಯ ತುದಿಯಲ್ಲಿ ಮೌಸ್ ಹಾಜರಿ ಹಾಕಿತು. ರೋಗ ಮುಂದಿನ ಪೋರ್ಟಿನದು, ಪೆಟ್ಟು ತಿಂದದ್ದು ಮೌಸ್.

ಅಲ್ಲಿಂದ ನನಗೆ ಪಟ್ಟಿ ನೋಡುವ ಚಟ ಹತ್ತಿತು. ಎಕ್ಸ್‌ಇನ್‌ಪುಟ್ ಎಂಬ ಆಜ್ಞೆಯೂ ಇದೆ. ಹೊಸ ವೇಲ್ಯಾಂಡ್ ವ್ಯವಸ್ಥೆಯಲ್ಲಿ ಮಾತ್ರ ಅದು ಯಾರ ನಿಜವಾದ ಹೆಸರನ್ನೂ ಬಾಯಿಬಿಡುವುದಿಲ್ಲ. ಅಲ್ಲಿ ಸುಡೋ ಅಧಿಕಾರ ಹಿಡಿದು ಲಿಬ್‌ಇನ್‌ಪುಟ್ಟನ್ನು ಕೇಳಬೇಕು. ಎವ್‌ಟೆಸ್ಟ್ ಇನ್ನೂ ಮಜಾ: ಒತ್ತಿದ ಪ್ರತಿಯೊಂದು ಕೀಲಿಯ ನಂಬರು ಹೇಳುತ್ತದೆ. ನಾನು ಕನ್ನಡದ ಮೊದಲ ವ್ಯಂಜನವೆಂದು ಭಕ್ತಿಯಿಂದ ಒತ್ತಿದ 'ಕ' ಅದಕ್ಕೆ ಬರೀ 37. ಕೆ. ಪಿ. ರಾವ್ ವಿನ್ಯಾಸವಾದರೂ ಅಷ್ಟೆ, ಇನ್‌ಸ್ಕ್ರಿಪ್ಟ್ ಆದರೂ ಅಷ್ಟೆ. ಇಂಗ್ಲಿಷಿನವರ 'ಕೆ' ಅಕ್ಷರಕ್ಕೂ ಅದೇ 37. ಭಾಷೆಯ ಅಭಿಮಾನವೆಲ್ಲ ಮೇಲಿನ ಮಹಡಿಯಲ್ಲಿ. ನೆಲಮಾಳಿಗೆಯಲ್ಲಿ ಎಲ್ಲರೂ ನಂಬರೇ.

ಒಂದು ದಿನ ಪಟ್ಟಿಯಲ್ಲಿ ಎರಡನೆಯ ಕೀಬೋರ್ಡ್ ಕಂಡು ಗಾಬರಿಯಾಯಿತು. ವಿಚಾರಿಸಿದರೆ ಅದು ಮಗ ತಂದ ಆಟದ ಮೌಸ್! ಪಕ್ಕದಲ್ಲಿ ಹೆಚ್ಚುವರಿ ಗುಂಡಿಗಳಿವೆಯೆಂದು ಅದು ತನ್ನನ್ನು ಕೀಬೋರ್ಡ್ ಎಂದೂ ಬರೆಸಿಕೊಂಡಿತ್ತು. "ಹಾಗೆ ಬರೆಸಿಕೊಳ್ಳೋಕೆ ದಾಖಲೆ ಬೇಡವೇನೋ?" ಎಂದು ಅಳಿಯನಿಗೆ ಫೋನ್ ಹಚ್ಚಿದೆ. "ಯಾವ ದಾಖಲೆಯೂ ಬೇಡ ಮಾಮ. ಯುಎಸ್‌ಬಿಯಲ್ಲಿ ಚುಚ್ಚಿದ ಸಾಧನ ತಾನು ಏನೆಂದು ಹೇಳುತ್ತೋ ಕಂಪ್ಯೂಟರ್ ಅದನ್ನೇ ನಂಬುತ್ತೆ" ಎಂದ.

ಅಲ್ಲಿಗೆ ನನ್ನ ನಗು ನಿಂತಿತು. 2014ರಲ್ಲಿ ಕಾರ್ಸ್ಟನ್ ನೋಲ್ ಮತ್ತು ಯಾಕೋಬ್ ಲೆಲ್ ಎಂಬ ಸಂಶೋಧಕರು ಅಮೆರಿಕದ ಬ್ಲ್ಯಾಕ್ ಹ್ಯಾಟ್ ಸಮ್ಮೇಳನದಲ್ಲಿ ಇದನ್ನೇ ಆಡಿ ತೋರಿಸಿದ್ದರು. ಪೆನ್‌ಡ್ರೈವಿನ ಫರ್ಮ್‌ವೇರ್ ತಿದ್ದಿದರೆ ಅದು "ನಾನು ಕೀಬೋರ್ಡು" ಎಂದು ಒಳಗೆ ಬಂದು, ಯಾರ ಬೆರಳೂ ಇಲ್ಲದೆ ತಾನೇ ಆಜ್ಞೆಗಳನ್ನು ಟೈಪ್ ಮಾಡತೊಡಗುತ್ತದೆ. ಇದಕ್ಕೆ ಬ್ಯಾಡ್‌ಯುಎಸ್‌ಬಿ ಎಂದು ಹೆಸರು.

ಆದ್ದರಿಂದ ಓದುಗ ಮಹಾಶಯರೇ, ಮೌಸ್ ಅಲುಗದಿದ್ದರೆ ಮೊದಲು ಪಟ್ಟಿ ನೋಡಿ. ಹೆಸರಿಲ್ಲದಿದ್ದರೆ ವಯರನ್ನೋ ಪೋರ್ಟನ್ನೋ ಶಂಕಿಸಿ. ಹೆಸರಿದ್ದರೆ ಸೆಟ್ಟಿಂಗ್ ತಡಕಿ. ಆದರೆ ದಾರಿಯಲ್ಲಿ ಬಿದ್ದು ಸಿಕ್ಕ ಪೆನ್‌ಡ್ರೈವನ್ನು ಚುಚ್ಚಿ, ಆಮೇಲೆ ಪಟ್ಟಿ ನೋಡಿದರಾಯಿತು ಎನ್ನಬೇಡಿ. ನೀವು ಕ್ಯಾಟ್ ಎಂದು ಬರೆಯುವಷ್ಟರಲ್ಲಿ ಅದು ತನ್ನ ಟೈಪಿಂಗ್ ಮುಗಿಸಿರುತ್ತದೆ.