ನೆಲದ ಪಥ್ಯ

ನೆಲ ಒರೆಸುವ ಹೊತ್ತಿನಲ್ಲಿ ಗಂಡಸಿನ ಸ್ಥಾನಮಾನ ಏನೆಂದು ತಿಳಿಯಬೇಕಾದರೆ ಬೆಳಗಿನ ಹೊತ್ತು ನಂಜನಗೂಡಿನ ನಮ್ಮ ಮನೆಗೆ ಬನ್ನಿ. ಪೇಪರ್ ಹಿಡಿದು, ಎರಡೂ ಕಾಲು ಮೇಲಕ್ಕೆಳೆದುಕೊಂಡು ಕುರ್ಚಿಯಲ್ಲಿ ಕೂತಿರುತ್ತೇನೆ. ಕಾಫಿ ಎದುರಿಗೇ ಆರುತ್ತಿದ್ದರೂ ನೆಲ ಒಣಗುವ ತನಕ ಇಳಿಯುವಂತಿಲ್ಲ. ಹೀಗೆ ಕೂತೂ ಕೂತೂ ನೆಲದ ವಿಷಯದಲ್ಲಿ ನನಗೆ ಒಂದಿಷ್ಟು ಪಾಂಡಿತ್ಯ ಬಂದಿದೆ. ಒರೆಸಿ ಬಂದದ್ದಲ್ಲ, ನೋಡಿ ಬಂದದ್ದು.

ನಮ್ಮದು ಹಳೇ ಮನೆ. ಹಜಾರಕ್ಕೆ ರೆಡ್ ಆಕ್ಸೈಡ್, ಅಡುಗೆಮನೆಗೆ ಕಡಪ ಕಲ್ಲು. ಟಿ. ನರಸೀಪುರದಲ್ಲಿರುವ ನನ್ನ ನಾದಿನಿಯದು ಹೊಸ ಮನೆ, ಪೂರಾ ಬಿಳೀ ವಿಟ್ರಿಫೈಡ್ ಟೈಲ್ಸ್. ಬಗ್ಗಿ ನೋಡಿದರೆ ಮುಖ ಕಾಣುತ್ತದೆ; ನನ್ನ ವಯಸ್ಸಿನವರಿಗೆ ಅದೇನೂ ದೊಡ್ಡ ಅನುಕೂಲವಲ್ಲ. ಗೌರಿ ಹಬ್ಬದ ದಿನ ಅಲ್ಲಿ ಬಾಗಿನದ ಗಡಿಬಿಡಿಯಲ್ಲಿ ಅರಿಸಿನದ ಬಟ್ಟಲು ಉರುಳಿತು. ಒದ್ದೆ ಬಟ್ಟೆ ಬಂತು, ಸೋಪಿನ ಪುಡಿ ಬಂತು. ಟೈಲ್ಸ್ ಮೊದಲಿನಂತಾಯಿತು, ಸಂದುಗಳು ಮಾತ್ರ ಕೆಂಪಗೆ ತಿರುಗಿದವು.

“ಭಾವ, ಚೆಲ್ಲಿದ್ದು ಅರಿಸಿನ. ಕುಂಕುಮ ಎಲ್ಲಿಂದ ಬಂತು?”

“ಆರತಿಗೆ ಓಕುಳಿ ನೀರು ಮಾಡೋದು ಹೇಗಮ್ಮ?” ಎಂದೆ. ಅರಿಸಿನಕ್ಕೆ ಸುಣ್ಣ ಬಿದ್ದರೆ ಕೆಂಪು. ಸುಣ್ಣದ ಕೆಲಸವನ್ನು ಇಲ್ಲಿ ಸೋಪು ಮಾಡಿತ್ತು. ವಿಟ್ರಿಫೈಡ್ ಟೈಲ್ಸ್ ತನ್ನ ತೂಕದ ಶೇ. 0.5ರಷ್ಟೂ ನೀರು ಹೀರುವುದಿಲ್ಲ. ಅದರ ಸಂದಿಗೆ ತುಂಬಿದ ಸಿಮೆಂಟ್ ಗ್ರೌಟ್ ಹಾಗಲ್ಲ, ಸಾರು, ಎಣ್ಣೆ, ಅರಿಸಿನ ಎಲ್ಲವನ್ನೂ ಭೇದವಿಲ್ಲದೆ ಕುಡಿಯುತ್ತದೆ. ಪಕ್ಕದ ಮನೆಯವರು ಆಸಿಡ್ ಬಾಟಲಿಯನ್ನೇ ತಂದರು. ಬೇಡವೆಂದು ಕೈ ಮುಗಿದೆ. ಆಸಿಡ್ ಕಲೆಯನ್ನು ತಿನ್ನುವ ಭರದಲ್ಲಿ ಗ್ರೌಟನ್ನೂ ತಿನ್ನುತ್ತದೆ. ಪುಡಿಯಾದ ಸಂದಿಯಲ್ಲಿ ಕೊಳೆ ಇನ್ನೂ ಭದ್ರವಾಗಿ ಕೂರುತ್ತದೆ. ಅರಿಸಿನಕ್ಕೆ ಬಿಸಿಲೇ ಮದ್ದು. ಬಾಗಿಲ ಬಳಿ ಬಿಸಿಲು ಬೀಳುವ ಸಂದುಗಳು ಕೆಲವೇ ದಿನದಲ್ಲಿ ಮಾಸಿದವು. ಒಳಗಿನ ಸಂದುಗಳಿಗೆ ಅಡುಗೆ ಸೋಡವನ್ನು ನೀರಲ್ಲಿ ಕಲಸಿ ಹಚ್ಚಿ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದ್ದಾಯಿತು. ಕಲೆ ಪೂರ್ತಿ ಹೋಗದಿದ್ದರೂ ಕಣ್ಣಿಗೆ ಹೊಡೆಯದಷ್ಟು ತಿಳಿಯಾಯಿತು. 1913ರಲ್ಲಿ ಶುರುವಾದ ಸದ್ವೈದ್ಯಶಾಲೆಯ ಹಲ್ಲುಪುಡಿಯಿಂದ ಹೆಸರಾದ ಊರು ನಮ್ಮದು. ಉಜ್ಜುವ ವಿದ್ಯೆಯಲ್ಲಿ ನಮ್ಮ ಮಾತಿಗೆ ಸ್ವಲ್ಪ ಬೆಲೆಯಿದೆ.

ಆಸಿಡ್ ಎಂದಾಗ ನಂಜುಂಡೇಶ್ವರನ ನೆನಪಾಗುತ್ತದೆ. ನಂಜನ್ನು ಕುಡಿದು ಅರಗಿಸಿಕೊಳ್ಳುವ ತಾಕತ್ತು ಅವನಿಗುಂಟು; ಅವನ ಗುಡಿಯ ನೆಲಕ್ಕೂ ಉಂಟು. ಕಪಿಲೆಯಲ್ಲಿ ಮುಳುಗಿ ಒದ್ದೆ ಬಟ್ಟೆಯಲ್ಲೇ ಉರುಳು ಸೇವೆ ಮಾಡುವವರ ನೀರು, ಎಳನೀರು, ದೀಪದ ಎಣ್ಣೆ ಎಲ್ಲವನ್ನೂ ಆ ಗ್ರಾನೈಟ್ ಚಪ್ಪಡಿಗಳು ತಡೆದುಕೊಂಡಿವೆ. ಮನೆಯ ಹುಳಿಗೆಲ್ಲ ಗ್ರಾನೈಟ್ ಜಗ್ಗುವುದಿಲ್ಲ. ನಮ್ಮ ಕಡಪ ಕಲ್ಲಿನದು ಸೂಕ್ಷ್ಮ ಪ್ರಕೃತಿ. ಅದೂ ಶಹಾಬಾದ್ ಕಲ್ಲೂ ಸುಣ್ಣಕಲ್ಲಿನ ವಂಶದವು, ಮಾರ್ಬಲ್ಲೂ ಹತ್ತಿರದ ಸಂಬಂಧವೇ. ಹುಳಿ ಮುಟ್ಟಿದರೆ ಸಾಕು, ಕಲ್ಲಿನ ಮೈಯೇ ಕರಗುತ್ತದೆ. ನಮ್ಮ ಕಟ್ಟೆಯ ಮೇಲೆ ಹೋಳು ಮಾಡಿದ ನಿಂಬೆಹಣ್ಣು ರಾತ್ರಿಯಿಡೀ ಬೋರಲು ಬಿದ್ದಿತ್ತು. ಬೆಳಗ್ಗೆ ನೋಡಿದರೆ ಕರೀ ಕಲ್ಲಿನ ಮೇಲೆ ಹೊಳಪು ಹೋದ ಬಿಳಿಚು ಉಂಗುರ. ಒರೆಸಿದರೆ ಅದು ಹೋಗುವುದಿಲ್ಲ, ಏಕೆಂದರೆ ಅದು ಕಲೆಯಲ್ಲ, ಗಾಯ. ಮತ್ತೆ ಪಾಲಿಷ್ ಹೊಡೆಸಬೇಕು. ತಾಮ್ರದ ಚೊಂಬನ್ನು ಫಳಫಳ ಮಾಡುವ ಹುಣಿಸೆಹಣ್ಣೂ ಈ ಕಲ್ಲಿಗೆ ಆಗದು.

ನರಸೀಪುರ ತಾಲ್ಲೂಕಿನದೇ ಆದ ಸೋಮನಾಥಪುರಕ್ಕೆ ಹೋಗಿದ್ದೆವು. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಗುಡಿ. ಎಲ್ಲರೂ ಶಿಲ್ಪ ನೋಡುತ್ತಿದ್ದರೆ ನಾದಿನಿ ಕಂಬದ ಬುಡ ನೋಡುತ್ತಾ, “ಇದನ್ನ ಯಾವುದರಲ್ಲಿ ಒರೆಸ್ತಾರೆ ಭಾವ?” ಎಂದಳು. ನಗು ಬಂತು, ಆದರೆ ಪ್ರಶ್ನೆ ಸರಿಯಾಗಿತ್ತು. ಅದು ಬಳಪದ ಕಲ್ಲು. ಮೃದುವಾದ್ದರಿಂದಲೇ ಶಿಲ್ಪಿಗಳು ಅಷ್ಟು ಕುಸುರಿ ಮಾಡಿದರು. ಉಳಿಗೆ ಒಲಿದ ಕಲ್ಲು ಒರಟು ನಾರಿಗೂ ಸವೆಯುತ್ತದೆ.

ಆದ್ದರಿಂದ ಮೊದಲು ನಿಮ್ಮ ನೆಲ ಯಾವ ಕುಲದ್ದೆಂದು ತಿಳಿಯಿರಿ, ಆಮೇಲೆ ಬಾಟಲಿ ಬಿಚ್ಚಿ. ಕಲ್ಲಿನ ಮೇಲೆ ನಾಲ್ಕು ಹನಿ ನೀರು ಬಿಟ್ಟು ಸ್ವಲ್ಪ ಹೊತ್ತು ಕಾಯಿರಿ. ಹನಿ ಗುಂಡಗೆ ನಿಂತರೆ ಚಿಂತೆಯಿಲ್ಲ. ಕಲ್ಲು ಕಪ್ಪಗಾದರೆ ನೀರು ಒಳಗಿಳಿಯುತ್ತಿದೆ, ಸೀಲರ್ ಹಚ್ಚಿಸುವ ಕಾಲ ಬಂದಿದೆ ಎಂದರ್ಥ. ಸಿಮೆಂಟ್ ಗ್ರೌಟಿಗೂ ಇದೇ ಪರೀಕ್ಷೆ. ಎಪಾಕ್ಸಿ ಗ್ರೌಟ್ ಹಾಕಿಸಿದವರಿಗೆ ಆ ತಾಪತ್ರಯವಿಲ್ಲ. ಇನ್ನು, ಆಸಿಡ್ಡನ್ನೂ ಬ್ಲೀಚಿಂಗ್ ಪುಡಿಯನ್ನೂ ಎಂದೂ ಒಟ್ಟಿಗೆ ಬೆರೆಸಬೇಡಿ. ಹೊರಡುವ ಕ್ಲೋರಿನ್ ಅನಿಲ ಬಚ್ಚಲಲ್ಲಿ ನಿಂತವರ ಉಸಿರನ್ನೇ ಕಟ್ಟಿಸುತ್ತದೆ. ದಿನನಿತ್ಯಕ್ಕೆ ಮರಳು ಉಳಿಯದ ಹಾಗೆ ಕಸ ಗುಡಿಸಿ, ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಿದರೆ ಧಾರಾಳವಾಯಿತು. ಕೊಳೆಯಿಂದ ಕೆಟ್ಟ ನೆಲಕ್ಕಿಂತ ಅತಿ ಶುದ್ಧಿಯಿಂದ ಕೆಟ್ಟ ನೆಲವನ್ನೇ ನಾನು ಹೆಚ್ಚು ನೋಡಿದ್ದೇನೆ.